ಆಮೆಯ ಕತೆಗೆ ಹೂಂಗುಟ್ಟಿದ್ದು

ಮೊನ್ನೆ ಮಗನಿಗೆ ತಂದ ಬನಿಯನ್ನಿನ ಪ್ಯಾಕೆಟ್ ಬಿಚ್ಚಿದೆ. ಹೊಸ ಹತ್ತಿ, ಇಸ್ತ್ರಿಯ ಹಬೆ, ಒಂದಿಷ್ಟು ಬಣ್ಣ, ಎಲ್ಲ ಸೇರಿದ ತಿರುಪ್ಪೂರಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಅಂಗಡಿ ನೆನಪಾಗಬಹುದು. ನನಗೆ ನೆನಪಾಗುವುದು ಆಫ್ರಿಕಾದ ಇಗ್ಬೋ ಭಾಷೆ. ನಗಬೇಡಿ, ಹೇಳುತ್ತೇನೆ.

ನಮ್ಮದು ಕೊಯಮತ್ತೂರು ಕಡೆಯ ನೇಕಾರರ ಊರು ಸಿರುಮುಗೈ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾದ ಮೇಲೆ. ಈಗಲೂ ಒತ್ತಕ್ಷರ ಕಂಡರೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತೇನೆ. ಇಂಥವಳು ಕೊಯಮತ್ತೂರಿನಲ್ಲಿ ಭಾಷಾವಿಜ್ಞಾನದ ಎಂ.ಎ.ಗೆ ಸೇರಿದಾಗ ಅಪ್ಪ ಕೇಳಿದ್ದರು: "ಭಾಷೆ ಬಾಯಲ್ಲೇ ಐತಲ್ಲ ಕಣ್ಣು, ಅದುಕ್ಕೆ ಕಾಲೇಜ್ ಯಾತಕ್ಕೆ?"

ಅಲ್ಲಿ ನಮಗೊಂದು ವಿಚಿತ್ರ ಪಾಠವಿತ್ತು. ಗೊತ್ತೇ ಇಲ್ಲದ ಭಾಷೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಪುಸ್ತಕ ಮುಟ್ಟದೆ, ಬರೀ ಕೇಳಿ ಕೇಳಿಯೇ ಅದರ ವ್ಯಾಕರಣ ಕಟ್ಟಬೇಕು. ನಮ್ಮ ಸಾರ್ ಹುಡುಕಿ ತಂದದ್ದು ಒಬಿ ಅಣ್ಣನನ್ನು. ನೈಜೀರಿಯಾದವರು, ತಿರುಪ್ಪೂರಿನಲ್ಲಿ ಬನಿಯನ್ ಕೊಂಡು ತಮ್ಮ ದೇಶಕ್ಕೆ ಕಳಿಸುವ ವ್ಯಾಪಾರ. ಶನಿವಾರ ಬಸ್ಸಿಳಿದು ಬಂದರೆ ಮೈತುಂಬ ಹೊಸ ಬಟ್ಟೆಯ ವಾಸನೆ. ಇಗ್ಬೋದಲ್ಲಿ ದನಿ ಏರಿಸಿದರೆ ಒಂದರ್ಥ, ಇಳಿಸಿದರೆ ಇನ್ನೊಂದು. ಬಟ್ಟೆ ಎನ್ನಲು ಹೋಗಿ ನಾವು ಮೊಟ್ಟೆ ಎನ್ನುತ್ತಿದ್ದೆವು. "ನನ್ನ ಹತ್ರ ಕೋಳಿ ಇಲ್ಲ ತಂಗಚ್ಚಿ, ಬನಿಯನ್ ಬೇಕಾದ್ರೆ ಕೊಡ್ತೀನಿ" ಎಂದು ಸಂತೆಯಲ್ಲಿ ಕಲಿತ ತಮಿಳಿನಲ್ಲಿ ನಗುತ್ತಿದ್ದರು.

ನಮ್ಮಿಂದ ಅವರು ಬಯಸಿದ್ದು ಒಂದೇ. ಮಗಳು ಅಡಾ ತಿರುಪ್ಪೂರಿನಲ್ಲೇ ಹುಟ್ಟಿದವಳು, ಬೀದಿಯ ಮಕ್ಕಳ ಜೊತೆ ಬೆಳೆದು ಬಾಯಿ ತೆರೆದರೆ ತಮಿಳು. ತೀರಿಹೋದ ತಮ್ಮ ತಾಯಿ ಹೇಳುತ್ತಿದ್ದ ಕತೆಗಳು ತಮ್ಮಲ್ಲೇ ಮುಗಿದುಬಿಡುತ್ತವೆಂದು ಅವರಿಗೆ ಸಂಕಟ. "ಹೇಗೂ ನನ್ನ ದನಿ ರೆಕಾರ್ಡ್ ಮಾಡ್ತೀರಲ್ಲ, ಅದರಲ್ಲಿ ಅಮ್ಮನ ಕತೆ ಹೇಳ್ತೀನಿ. ಒಂದು ಪ್ರತಿ ಮಗಳಿಗೆ ಕೊಡಿ. ಈಗ ಕೂತು ಕೇಳಲ್ಲ ಅವಳು. ಎಂದಾದರೂ ಕೇಳ್ತಾಳೆ."

ರೆಕಾರ್ಡಿಂಗ್ ಎಂದರೆ ಮಡಿಯಿದ್ದಂತೆ. ಕೆಮ್ಮಬಾರದು, ಕುರ್ಚಿ ಕಿರುಗುಟ್ಟಬಾರದು, ಫ್ಯಾನು ಕೂಡ ಬಂದ್. ಒಬಿ ಅಣ್ಣ ತಮ್ಮ ಕಡೆಯ ರೂಢಿಯಂತೆ "ಇಫೋ ಚಾಕ್ಪೀ!" ಎಂದು ಕೂಗಿದರು. ಕೇಳುವವರು "ವೋ!" ಎನ್ನಬೇಕು, ಆಗ ಕತೆ ಶುರು. ನಾವೆಲ್ಲ ಬೊಂಬೆಗಳಂತೆ ಕೂತಿದ್ದೆವು. ಎಲ್ಲರಿಗೂ ಮೋಸ ಮಾಡುವ ಆಮೆಯೊಂದರ ಕತೆ ಅದು. ಆಮೆ ಹೊರಟಿತು, ಸ್ವಲ್ಪ ದೂರ ಹೋಗಿ ನಿಂತಿತು. ಅವರು ಬೆವರೊರೆಸಿಕೊಂಡು ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲೇ ನಿಂತರು. ಅಮ್ಮನ ಕತೆಯೇ ಮರೆತುಹೋಯಿತೇ ಎಂದು ಅವರ ಮುಖ ಬಾಡಿತು.

ಆಗ ನನ್ನ ಬಾಯಿಂದ "ಹ್ಞೂಂ" ಎಂದು ಬಂದುಬಿಟ್ಟಿತು. ಬೇಕೆಂದು ಮಾಡಿದ್ದಲ್ಲ, ಮೈಗಂಟಿದ ಅಭ್ಯಾಸ. ನಮ್ಮಜ್ಜಿ ರಾಟೆಯಲ್ಲಿ ನೂಲು ಸುತ್ತುತ್ತ ಕತೆ ಹೇಳುವಾಗ ನಾವು ಹೂಂಗುಟ್ಟುತ್ತಲೇ ಇರಬೇಕಿತ್ತು. ಬಿಟ್ಟರೆ ರಾಟೆಯೂ ನಿಲ್ಲುತ್ತಿತ್ತು. "ಹ್ಞೂಂ ಅನ್ನಾಕಾಗಲ್ವಾ? ನಾ ಏನ್ ಸೊವುರ್‌ಗಾ ಕತೆ ಹೇಳ್ತಾ ಇರದು?" ಎಂದು ಗದರುತ್ತಿದ್ದಳು. ಅವಳ ಬಾಯಲ್ಲಿ ಗೋಡೆ ಯಾವಾಗಲೂ ತಮಿಳಿನ ಸೊವುರೇ.

ಒಬಿ ಅಣ್ಣ ಮೈಕು ಮರೆತು ಪೂರ್ತಿ ನನ್ನ ಕಡೆ ತಿರುಗಿದರು. ಆಮೆ ಓಡತೊಡಗಿತು. ಕೈ ಬೀಸಿದರು, ಆಮೆಯ ಹೆಂಡತಿಯ ದನಿ ತೆಗೆದರು, ನಡುವೆ ಹಾಡಿದರು ಕೂಡ. ಅರ್ಧಕ್ಕರ್ಧ ನನಗೆ ಅರ್ಥವಾಗಲಿಲ್ಲ, ಆದರೂ ಗತ್ತಿನಿಂದ ಹೂಂಗುಟ್ಟಿದೆ.

ಸಾರ್ ಆ ರೆಕಾರ್ಡಿಂಗ್ ಹಾಕಿಸಿ ಕೇಳಿದರು. "ಯಾರಮ್ಮ ಇದು ನಡುನಡುವೆ, ಮೇವು ಕೇಳೋ ಎಮ್ಮೆ ಥರ?" ಕ್ಲಾಸೆಲ್ಲ ನಗು. ನನ್ನ ಅಂಕಕ್ಕೆ ಕತ್ತರಿ ಬಿತ್ತು. ಮುಂದಿನ ವಾರ ಒಬಿ ಅಣ್ಣನೊಬ್ಬರನ್ನೇ ಕೋಣೆಯೊಳಗೆ ಕೂರಿಸಿ ಅದೇ ಕತೆಯನ್ನು ಮತ್ತೆ ಹೇಳಿಸಿದರು. ಈ ಸಲ ಅವರು ಎಲ್ಲೂ ತಡವರಿಸಲಿಲ್ಲ, ಎಲ್ಲೂ ಹಾಡಲೂ ಇಲ್ಲ. ವಿಭಾಗದ ಸಂಗ್ರಹಕ್ಕೆ ಸೇರಿದ್ದು ಈ ಎರಡನೆಯದೇ. ಅಡಾಳಿಗೆಂದು ನಾನು ಎರಡನ್ನೂ ಸಿಡಿಗೆ ಹಾಕಿಕೊಟ್ಟೆ.

ಆಮೇಲೆ ಓದು ಮುಗಿಯಿತು, ಮದುವೆ, ಶಾಲೆಯ ಕೆಲಸ. ಕಲಿತ ಇಗ್ಬೋ ಸೋರಿಹೋಯಿತು. ಮೊನ್ನೆ ಆ ವಾಸನೆಗೆ ಮನಸ್ಸು ತಡೆಯದೆ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅಡಾ. ಅಚ್ಚ ತಿರುಪ್ಪೂರು ತಮಿಳು. ಒಬಿ ಅಣ್ಣ ಹೋದ ವರ್ಷ ತೀರಿಕೊಂಡರಂತೆ. ನನ್ನ ಹೆಸರು ಹೇಳಿದರೆ ಅವಳಿಗೆ ಗೊತ್ತಾಗಲಿಲ್ಲ. ಕ್ಲಾಸು, ರೆಕಾರ್ಡಿಂಗ್ ಎಂದಾಗ, "ಅಯ್ಯೋ, ಹ್ಞೂಂ ಅಕ್ಕನಾ!" ಎಂದು ಕೂಗಿದಳು. ಅವರ ಮನೆಯಲ್ಲಿ ನನಗೆ ಅದೇ ಹೆಸರಂತೆ.

"ಎರಡೂ ಇದೆ ಅಕ್ಕಾ. ಆ ಇನ್ನೊಂದು ನನಗೆ ಕೇಳಕ್ಕಾಗಲ್ಲ. ಖಾಲಿ ಮನೇಲಿ ಕೂತು ಮಾತಾಡ್ದಂಗಿದೆ. ನಿಮ್ಮದ್ರಲ್ಲಿ ಅಪ್ಪಾ ತನಿಯಾ ಇಲ್ಲೆ."

ತನಿಯಾ ಇಲ್ಲೆ ಎಂದರೆ ಒಂಟಿಯಾಗಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆ ಕಡೆಯಿಂದ ಅವಳು ಹೇಳಿದಳು: "ನನಗೆ ಇಗ್ಬೋ ಅಂದ್ರೆ ಆ ಆಮೆ ಕತೆ ಅಷ್ಟೇ ಅಕ್ಕಾ. ಕೇಳಿ ಕೇಳಿ ಪೂರ್ತಿ ಬಾಯಿಗೆ ಬಂದಿದೆ. ಒಬ್ಬರ ಎದುರಿಗೂ ಹೇಳಿಲ್ಲ. ಭಾನುವಾರ ಬರಲಾ?"

ಬಾ ಎಂದಿದ್ದೇನೆ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಫೋನು ನೋಡುತ್ತ ಬೆಳೆದವನು, ಹೂಂಗುಟ್ಟುವುದು ಅವನಿಗೆ ಗೊತ್ತೇ ಇಲ್ಲ. ಅಷ್ಟರೊಳಗೆ ನಾನೇ ಅಜ್ಜಿಯ ಒಂದೆರಡು ಕತೆ ಹೇಳಿ ಅವನಿಗೆ ಕಲಿಸಬೇಕು.