ಕ್ಯಾನುಗಳ ಸಾಲು

ಉಳವಿ ಕಡೆಯ ಒಂದು ಹಾಲಿನ ಸೊಸೈಟಿಗೆ ಟೋಕನ್ ಆ್ಯಪ್ ಮಾಡಿಕೊಡುವ ಕೆಲಸ ಶಿಕಾರಿಪುರದ ನಮ್ಮ ಆಫೀಸಿಗೆ ಬಂದಿತ್ತು. 'ಉದ್ದೇಶ: ಸದಸ್ಯರು ಸಾಲಿನಲ್ಲಿ ಕಾಯುವುದನ್ನು ತಪ್ಪಿಸುವುದು' ಎಂದು ಒಪ್ಪಂದದ ಕಾಗದದ ತಲೆಯಲ್ಲೇ ಬರೆದಿತ್ತು. ಕೆಳಗೆ ನಾವು ಪಟ್ಟಿ ಮಾಡಿದ ಸೌಲಭ್ಯಗಳು ಆ ಉದ್ದೇಶಕ್ಕೆ ಹೊಂದುತ್ತವೆಯೇ ಎಂದು ಸದಸ್ಯರನ್ನು ವಿಚಾರಿಸಿ, ನಾನು ಕಾರ್ಯದರ್ಶಿಯ ಸಹಿ ತರಬೇಕಿತ್ತು. ಸಹಿ ಇಲ್ಲದೆ ಕೆಲಸ ಶುರುವಾಗುವಂತಿರಲಿಲ್ಲ.

ಬೆಳಿಗ್ಗೆ ಹೋದರೆ ಬಾಗಿಲಿಂದ ರಸ್ತೆವರೆಗೆ ಸಾಲು ನಿಂತಿತ್ತು, ಬರೀ ಕ್ಯಾನುಗಳದ್ದು. ಜನರೆಲ್ಲ ಎದುರಿನ ಕಟ್ಟೆ ಮೇಲೆ ಹರಟುತ್ತಿದ್ದರು. ಅಲ್ಲಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ, "ದಿನಾ ಎಷ್ಟು ಹೊತ್ತು ಕಾಯ್ತೀರಿ ಅಜ್ಜಿ?"

"ನಾನ್ಯಾಕೆ ಕಾಯ್ಲಿ ತಮ್ಮಾ? ಕ್ಯಾನ್ ಕಾಯ್ತದಲ್ಲ."

"ಆ್ಯಪ್ ಬಂದ್ರೆ ಹತ್ತೇ ನಿಮಿಷಕ್ಕೆ ಮನೆಗೆ ಹೋಗ್ಬಹುದು."

"ಹೋದ್ರೆ ಸೊಸೆ ಸಗಣಿ ಬಾಚೋಕೆ ಹಚ್ತಾಳೆ. ಇದನ್ನ ಯಾರು ಕೇಳಿದ್ರು ನಿನ್ನ?"

ಕಟ್ಟೆಯೆಲ್ಲ ನಕ್ಕಿತು. ಕಾರ್ಯದರ್ಶಿಯನ್ನೇ ನೋಡೋಣ ಎಂದು ಸೀದಾ ಬಾಗಿಲಿಗೆ ಹೊರಟರೆ, "ರೀ, ಸಾಲಲ್ಲಿ ಬರ್ರೀ!" ಎಂದು ಹಿಂದಿನಿಂದ ಕೂಗು ಬಂತು. ಲ್ಯಾಪ್‌ಟಾಪ್ ಬ್ಯಾಗನ್ನು ಕೊನೆಯ ಕ್ಯಾನಿನ ಹಿಂದಿಟ್ಟು ಕಟ್ಟೆಗೆ ಬಂದು ಕೂತೆ. ಅಜ್ಜಿ ಎಲೆಅಡಿಕೆ ಕೊಟ್ಟು, ಕುಪ್ಪಗಡ್ಡೆಯ ಬೀಗರ ಜಗಳದ ಕಥೆ ಶುರು ಮಾಡಿದರು. ಯಾರೋ ತಮ್ಮ ಕ್ಯಾನ್ ಮುಂದೆ ಸರಿಸುವಾಗ ನನ್ನ ಬ್ಯಾಗನ್ನೂ ಸರಿಸುತ್ತಿದ್ದರು. ಅದರ ಹಿಂದೆ ಇನ್ನೂ ನಾಲ್ಕು ಕ್ಯಾನ್ ಬಂದು ನಿಂತವು.

ಕೊನೆಗೆ ಕಾರ್ಯದರ್ಶಿ ಬಾಗಿಲಿಂದ ಇಣುಕಿ, "ಈ ಬ್ಯಾಗ್ ಯಾರದ್ರೀ?" ಎಂದು ಕೂಗಿದರು.

ಅಜ್ಜಿಯ ಕಥೆಯಲ್ಲಿ ಬೀಗರು ಆಗಷ್ಟೇ ಊಟದ ಎಲೆ ಬಿಟ್ಟು ಎದ್ದಿದ್ದರು.

"ಹಿಂದಿನವರದ್ದು ತಗೊಳ್ಳಿ ಸಾರ್," ಎಂದೆ.