ಅಂಚೆಗಜ್ಜಿ, ಸ್ಕೋರುಬ್ಬಸ ಮತ್ತು ಮುನಿಶಾಮಣ್ಣ

ಸಾರಕ್ಕಿಯ ಮುನಿಶಾಮಣ್ಣನವರ ಕೈಗೆ ರಿಜಿಸ್ಟರ್ ಸಿಕ್ಕರೆ ಸಾಕು, ನೆಟ್ಟಗೆ ನಡೆದು ಬಂದವರೂ ರೋಗಿಗಳಾಗಿಬಿಡುತ್ತಿದ್ದರು. ಹಾಗಂತ ಅವರೇನು ಡಾಕ್ಟರಲ್ಲ. ಯಡಿಯೂರು, ಜಯನಗರದ ಬೀದಿಗಳಲ್ಲಿ ಮೂವತ್ತು ವರ್ಷ ಸೈಕಲ್ ತುಳಿದು, ಕಾಗದ ಹಂಚಿ ರಿಟೈರ್ ಆದ ಪೋಸ್ಟ್‌ಮ್ಯಾನ್. ಮಗಳು ಮಂಜುಳಾ ಮನೆಯ ಮುಂದಿನ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ತೆರೆದಾಗ ಅಪ್ಪನನ್ನು ಬಾಗಿಲ ಪಕ್ಕದ ಮೇಜಿಗೆ ಕೂರಿಸಿದಳು. ಬಂದವರ ಹೆಸರು, ವಿಳಾಸ, ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದಷ್ಟೇ ಅವರ ಕೆಲಸ. ರಿಜಿಸ್ಟರಿನ ಕೊನೆಗೆ ‘ಉದ್ದೇಶ’ ಎಂಬ ಕಾಲಂ ಒಂದಿತ್ತು. ಎಡವಟ್ಟಾದದ್ದು ಅಲ್ಲೇ.

“ಏನ್ ಉದ್ದೇಶ ಅಂದ್ರೆ ಎಲ್ರೂ ‘ಸುಮ್ನೆ ಚೆಕ್ ಮಾಡೋಕೆ’ ಅಂತಾರೆ. ನಿನ್ನೆನೂ ಚೆಕ್ಕು, ಬೆಳಿಗ್ಗೆನೂ ಚೆಕ್ಕು, ಈಗ್ಲೂ ಚೆಕ್ಕು. ಇದು ಉದ್ದೇಶ ಅಲ್ಲ ಕಣಮ್ಮ, ಕಾಯಿಲೆ” ಎಂದು ತೀರ್ಮಾನಿಸಿ, ಒಂದೊಂದು ಕಾಯಿಲೆಗೂ ಹೆಸರಿಟ್ಟು ಆ ಕಾಲಂ ತುಂಬತೊಡಗಿದರು. ಗಂಟೆಗೊಮ್ಮೆ ಇ-ಮೇಲ್ ನೋಡುವವರದು ‘ಅಂಚೆಗಜ್ಜಿ’. ಕೆರೆದಷ್ಟೂ ಕೆರೆಯಬೇಕು ಅನಿಸುತ್ತದಂತೆ. ಆಫೀಸಿನಿಂದ ತಪ್ಪಿಸಿಕೊಂಡು ಬಂದು ಕ್ರಿಕೆಟ್ ಸ್ಕೋರ್ ನೋಡುವವರದು ‘ಸ್ಕೋರುಬ್ಬಸ’. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಧಾರವಾಡದ ಕಡೆಯವರು ಹಬ್ಬ ಹತ್ತಿರ ಬಂದಾಗ ರೈಲಿನ ವೇಟಿಂಗ್ ಲಿಸ್ಟ್ ಎಷ್ಟು ಇಳಿಯಿತೆಂದು ನೋಡಲು ಬರುತ್ತಿದ್ದರು. ಅವರದು ‘ಟಿಕೆಟ್ಟುವಾಯು’. “ಏಳರಿಂದ ಆರಕ್ಕೆ ಇಳೀತು ಅಂದ್ರೆ ಅವ್ರಿಗೆ ಒಂದು ತೇಗು ಬಂದಂಗೆ” ಎನ್ನುತ್ತಿದ್ದರು. ಮದುವೆ ಸೈಟಿನಲ್ಲಿ ಹೆಣ್ಣಿನ ಕಡೆಯವರು ಉತ್ತರ ಕೊಟ್ಟರೇ ಎಂದು ನೋಡುವ ಗಂಡುಗಳಿಗೆ ‘ಜಾತಕಜ್ವರ’. ಏನಾದರೂ ಹೊಸದು ಬಂತೇ ಎಂದು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಎಲ್ಲ ಕಾಯಿಲೆಗೂ ಸಾಮಾನ್ಯ ಲಕ್ಷಣ. ಅದರ ಹೆಸರು ‘ತಿರುಗೊತ್ತು’.

ನಾನು ಜಯನಗರದ ಒಂದು ಖಾಸಗಿ ಶಾಲೆಯ ಕನ್ನಡ ಟೀಚರು. ಸ್ಕೋರು ಇಂಗ್ಲಿಷು, ಉಬ್ಬಸ ಕನ್ನಡ, ಎರಡನ್ನೂ ಹೀಗೆ ಅಂಟಿಸಿದರೆ ಅರಿಸಮಾಸವಾಗುತ್ತದೆ ಎಂದು ಒಂದು ಸಂಜೆ ತಕರಾರು ತೆಗೆದೆ. ಮುನಿಶಾಮಣ್ಣ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ರೋಗ ಬರ್ಬೇಕಾದ್ರೆ ವ್ಯಾಕರಣ ಕೇಳ್ಕೊಂಡು ಬರ್ತದಾ ಟೀಚರಮ್ಮ?” ಎಂದರು. ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

ತಕರಾರು ತೆಗೆಯುವ ಯೋಗ್ಯತೆಯೂ ನನಗಿರಲಿಲ್ಲ ಬಿಡಿ. ಅಲ್ಲಿನ ರೋಗಿಗಳಲ್ಲೆಲ್ಲ ನನ್ನದೇ ಹಳೆಯ ಕೇಸು. ಸರ್ಕಾರಿ ಹೈಸ್ಕೂಲಿನ ಕೆಲಸಕ್ಕೆ ಪರೀಕ್ಷೆ ಬರೆದಿದ್ದೆ. ಆಯ್ಕೆಯಾದವರ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ ಎಂದಿದ್ದರು, ಯಾವಾಗ ಎಂದು ಹೇಳಿರಲಿಲ್ಲ. ಅದು ನನ್ನ ಮೂರನೆಯ ಪ್ರಯತ್ನ, ಕೊನೆಯದು ಕೂಡ. ಮುಂದಿನ ಸಲ ಕರೆಯುವ ಹೊತ್ತಿಗೆ ನನ್ನ ವಯಸ್ಸು ಮಿತಿ ದಾಟಿರುತ್ತಿತ್ತು. ಹದಿಮೂರು ವರ್ಷ ಪ್ರತಿ ಜೂನ್‌ನಲ್ಲೂ ಈ ಸಲ ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ ಎಂದು ಹೆದರಿ ಬದುಕಿದ ನನಗೆ ಆ ಪಟ್ಟಿ ಎಷ್ಟು ಬೇಕಾಗಿತ್ತೆಂದು ಹೇಳಿದರೆ ಈಗಲೂ ನಾಚಿಕೆಯಾಗುತ್ತದೆ. ವಾರಕ್ಕೊಮ್ಮೆ ಬರುತ್ತಿದ್ದವಳು ದಿನಕ್ಕೊಮ್ಮೆ ಬರತೊಡಗಿದೆ, ಆಮೇಲೆ ಮಧ್ಯಾಹ್ನ ಊಟ ಬಿಟ್ಟು ಆಟೋ ಹಿಡಿದು ಇನ್ನೊಮ್ಮೆ. ನನ್ನ ಹೆಸರಿನ ಮುಂದೆ ಮುನಿಶಾಮಣ್ಣ ದುಂಡಗೆ ಬರೆದರು: ‘ಪಟ್ಟಿಗಣ್ಣು’. ಅರ್ಥ ಕೇಳಿದ್ದಕ್ಕೆ, “ಇರುಳುಗಣ್ಣು ಇದ್ದವ್ರಿಗೆ ರಾತ್ರಿ ಕಾಣಲ್ಲ. ಇದು ಬಂದವ್ರಿಗೆ ಪಟ್ಟಿ ಬಿಟ್ಟು ಬೇರೇನೂ ಕಾಣಲ್ಲ” ಎಂದರು.

ಸೈಬರ್ ಸೆಂಟರುಗಳ ರಿಜಿಸ್ಟರ್ ನೋಡಲು ಪೊಲೀಸರು ಬರುತ್ತಿದ್ದ ಕಾಲ ಅದು. ಒಂದು ಸಂಜೆ ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಂದು ಪುಟ ತಿರುವಿದರು. ಎರಡನೆಯ ಪುಟಕ್ಕೆ ಅವರ ಮುಖ ಬಿಗಿಯಿತು.

“ಏನ್ರೀ ಇದು, ಗಜ್ಜಿ, ಉಬ್ಬಸ, ವಾಯು? ಇದೇನು ಸೈಬರ್ರಾ, ನರ್ಸಿಂಗ್ ಹೋಮಾ? ಕೋಡ್ ವರ್ಡಾ?”

ಒಳಗಿದ್ದ ಮಂಜುಳಾ ಹೆದರಿ ಬಿಳಿಚಿಕೊಂಡಳು. ಮುನಿಶಾಮಣ್ಣ ಮಾತ್ರ ಎದ್ದು ನಿಂತು, ವಾರ್ಡ್ ತೋರಿಸಲು ಕರೆದೊಯ್ಯುವ ದೊಡ್ಡ ಡಾಕ್ಟರ ಹಾಗೆ ಶುರು ಮಾಡಿದರು. “ಕೋಡೂ ಇಲ್ಲ, ಗೀಡೂ ಇಲ್ಲ ಸಾರ್. ಅಗೋ, ಮೂರನೇ ಮಿಷೀನಲ್ಲಿ ನೀಲಿ ಶರ್ಟ್ ಹಾಕ್ಕೊಂಡವ್ರಲ್ಲ, ಅವ್ರು ಜಾತಕಜ್ವರ. ಮೂಲೇಲಿ ಕೂತವ್ರು ಅಂಚೆಗಜ್ಜಿ, ಸ್ವಲ್ಪ ವಾಸಿ. ಈ ಟೀಚರಮ್ಮಂದು ಪಟ್ಟಿಗಣ್ಣು, ಮೂರು ತಿಂಗ್ಳಾಯ್ತು.” ನೀಲಿ ಶರ್ಟಿನವರು ಕುರ್ಚಿಯಲ್ಲೇ ಕುಗ್ಗಿಹೋದರು. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನಿಸಿತು.

ಹೆಡ್ ಕಾನ್‌ಸ್ಟೇಬಲ್ ನಗಲಿಲ್ಲ. ರಿಜಿಸ್ಟರ್ ಮುಚ್ಚಿ, ಬಾಗಿಲ ತನಕ ಹೋಗಿ, ವಾಪಸ್ ಬಂದು ದನಿ ತಗ್ಗಿಸಿ, “ಅಲ್ಲಾ, ಮಗಳು ಸಿಇಟಿ ಬರ್ದಿದಾಳೆ. ರಿಸಲ್ಟು ಇದ್ರಲ್ಲೇ ಗೊತ್ತಾಗುತ್ತಂತಲ್ಲ?” ಎಂದು ಕೇಳಿದರು. ಆ ವಾರ ಮಫ್ತಿಯಲ್ಲಿ ಐದು ಸಲ ಬಂದರು. ರಿಜಿಸ್ಟರಿನಲ್ಲಿ ಅವರ ಉದ್ದೇಶ ‘ಖಾಕಿ ಪಟ್ಟಿಗಣ್ಣು’ ಎಂದು ದಾಖಲಾಯಿತು. ಅವರೇ ಅದರ ಕೆಳಗೆ ಸಹಿಯನ್ನೂ ಹಾಕಿದರು.

ನನ್ನ ಕಾಯಿಲೆ ಮಾತ್ರ ಉಲ್ಬಣಿಸಿತು. ಒಂದು ಮಧ್ಯಾಹ್ನ ತಿರುಗೊತ್ತಿನಲ್ಲಿ ಮೈಮರೆತು, ಊಟದ ನಂತರದ ಪೀರಿಯಡ್ಡಿಗೆ ಹೋಗಲೇ ಇಲ್ಲ. ಎಂಟನೇ ಕ್ಲಾಸಿನ ಗಲಾಟೆ ಹೆಡ್‌ಮಿಸ್ಟ್ರೆಸ್ ರೂಮಿಗೆ ಮುಟ್ಟಿತು. ಇನ್ನೊಂದು ಸಲ ಹೀಗಾದರೆ ಬರುವುದೇ ಬೇಡ ಎಂದುಬಿಟ್ಟರು. ಸಿಗದ ಕೆಲಸಕ್ಕಾಗಿ ಇದ್ದ ಕೆಲಸವನ್ನೂ ಕಳೆದುಕೊಳ್ಳುವ ಬುದ್ಧಿವಂತಿಕೆ ನನ್ನದು. ಸಂಜೆ ಇದನ್ನು ಹೇಳಿಕೊಂಡಾಗ ಮುನಿಶಾಮಣ್ಣ ತಮಾಷೆ ಮಾಡಲಿಲ್ಲ.

“ಸರ್ವಿಸಲ್ಲಿ ದಿನಾ ನೋಡಿವ್ನಿ ಟೀಚರಮ್ಮ. ಗೇಟ್ ಹಿಡ್ಕೊಂಡು ನಿಂತ್ರೆ ಕಾಗದ ಬೇಗ ಬರಲ್ಲ, ಒಳಗೆ ಹಾಲು ಉಕ್ತದೆ ಅಷ್ಟೆ. ನಿಮ್ ಪರೀಕ್ಷೆ ನಂಬರ್ ಬರ್ದು ಕೊಡಿ. ನೋಡೋ ಕೆಲಸ ನಂದು. ಬಂದ್ರೆ ಮನೆಗೇ ತಂದು ಕೊಡ್ತೀನಿ. ಅಲ್ಲೀಗಂಟ ಈ ಕಡೆ ಕಾಲಿಡಬ್ಯಾಡಿ.”

ಅವರು ಅಲ್ಲಿಯವರೆಗೆ ಮೌಸ್ ಮುಟ್ಟಿದವರಲ್ಲ. ಆದರೂ ಬರೆದು ಕೊಟ್ಟೆ. ಮೊದಲ ಎರಡು ದಿನ ಕೈ ಚಡಪಡಿಸಿತು. ಮೂರನೆಯ ದಿನ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಕಾಗುಣಿತದ ತಪ್ಪುಗಳು ಮತ್ತೆ ಕಾಣತೊಡಗಿದವು. ನಿಜ ಹೇಳಬೇಕೆಂದರೆ, ಸುಖವಾಗಿದ್ದೆ.

ಮೂರು ವಾರದ ಮೇಲೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ಮಂಜುಳಾ ಸಿಕ್ಕಿದಳು. “ಏನ್ ಮಾಡ್ಬಿಟ್ರಿ ಮಿಸ್ ನೀವು,” ಎಂದು ಅಲ್ಲೇ ತರಾಟೆಗೆ ತೆಗೆದುಕೊಂಡಳು. “ಅಪ್ಪ ಒಂದು ಮಿಷೀನ್ ಹಿಡಿದು ಕೂತ್ಬಿಟ್ಟಿದಾರೆ. ಗಿರಾಕಿ ಬಂದ್ರೆ ‘ತಡಿಯಪ್ಪಾ, ಇನ್ನೊಂದ್ಸಲ ಒತ್ತಿಬಿಡ್ತೀನಿ’ ಅಂತಾರೆ. ಊಟಕ್ಕೆ ಕರೆದ್ರೂ ಏಳಲ್ಲ. ರಿಜಿಸ್ಟರಲ್ಲಿ ತಮ್ಮ ಹೆಸರೂ ಬರ್ಕೊಂಡಿದಾರೆ.”

“ಉದ್ದೇಶ ಏನು ಅಂತ ಬರೆದಿದಾರೆ?”

“‘ಟೀಚರಮ್ಮನಿಂದ ಅಂಟಿದ್ದು’ ಅಂತ.”

ಸೊಪ್ಪಿನವಳೂ ನಮ್ಮ ಜೊತೆ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ನನ್ನ ಸಂಕಟವನ್ನು ಆ ವಯಸ್ಸಾದವರ ತಲೆಗೆ ಕಟ್ಟಿ ನಾನು ಹಾಯಾಗಿದ್ದೇನಲ್ಲ ಎಂದು ಪಿಚ್ಚೆನಿಸಿತು. ನಾಳೆಯೇ ಹೋಗಿ ಬಿಡಿಸಿಬಿಡಬೇಕು ಅಂದುಕೊಂಡೆ, ಹೋಗಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಾದ ಮುಂದಿನ ಶನಿವಾರ. ಆಮೇಲೆ ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು. ಮಂಜುಳಾ ಸೆಂಟರ್ ಮುಚ್ಚಿದಳು. ಆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಯಡಿಯೂರಿನ ನಮ್ಮ ಗೇಟಿನಲ್ಲಿ ಸೈಕಲ್ ಬೆಲ್ ಕೇಳಿಸಿತು. ಮುನಿಶಾಮಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ನಿಂತಿದ್ದರು. ಒಂದು ಕವರ್ ಕೈಗಿತ್ತರು. ಮೇಲೆ ನನ್ನ ಹೆಸರು, ಮನೆ ನಂಬರು, ಕ್ರಾಸು, ಪಿನ್‌ಕೋಡು ಎಲ್ಲ ಅದೇ ದುಂಡಕ್ಷರದಲ್ಲಿ. ಒಳಗೆ ಪ್ರಿಂಟ್ ತೆಗೆದ ಇಡೀ ಪಟ್ಟಿ. ನನ್ನ ಹಿಂದಿನ ನಂಬರಿತ್ತು, ಮುಂದಿನ ನಂಬರೂ ಇತ್ತು. ಎರಡರ ನಡುವೆ ಪೆನ್ಸಿಲಿನ ಸಣ್ಣ ಗೀಟು ಎಳೆದಿದ್ದರು.

“ನಾಕು ಸಲ ನೋಡ್ದೆ. ಮಂಜುಳಾ ಕೈಲೂ ನೋಡಿಸ್ದೆ,” ಎಂದರು.

ಗೇಟಿನ ಸರಳು ಹಿಡಿದುಕೊಂಡೆ. ಬೀದಿಯವರು ನೋಡುತ್ತಾರೆ ಎಂಬುದೂ ಹೊಳೆಯದೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ನೀವು ಹೊರಡಿ ಮುನಿಶಾಮಣ್ಣ, ಬಿಸಿಲು, ಎಂದೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು.

“ಸರ್ವಿಸಲ್ಲಿದ್ದಾಗ ಕಾಗದ ಕೊಟ್ಬುಟ್ಟು ಹೊರಟೋಗ್ತಿದ್ದೆ. ಒಡೆಯೋಗಂಟ ಯಾವತ್ತೂ ನಿಂತಿಲ್ಲ, ಮುಂದಿನ ಮನೆಯೋರು ಕಾಯ್ತಿರೋರು. ಇವತ್ತು ನಂಗೆ ಮುಂದಿನ ಮನೆ ಅಂತ ಇಲ್ಲ ಟೀಚರಮ್ಮ. ನಿಧಾನವಾಗಿ ಅಳಿ.”