ಸೀಟಿನ ಹಿಂದಿನ ಚೀಲ

ಸುರಪುರದ ನನ್ನ ಹೊಲಿಗೆ ಅಂಗಡಿಗೆ ಒಬ್ಬ ಹುಡುಗಿ ಸೈಕಲ್ ತಳ್ಳಿಕೊಂಡು ಬಂದಳು. ಕಲಬುರಗಿಯಿಂದ ಹಂಪಿಗೆ ಒಬ್ಬಳೇ ಹೊರಟಿದ್ದಳಂತೆ. ಸೀಟಿನ ಹಿಂದೆ ಬಾಲದ ಹಾಗೆ ಚಾಚಿದ್ದ ಉದ್ದನೆಯ ಚೀಲದ ಪಟ್ಟಿ ಹರಿದಿತ್ತು.

ಹೊಸ ಪಟ್ಟಿ ಹೊಲಿದು ಬಿಗಿದೆ. ಆದರೂ ಧೈರ್ಯ ಬರಲಿಲ್ಲ. ಇಳಿಜಾರಿನಲ್ಲಿ ಅದು ಕಳಚಿ ಗಾಲಿಗೆ ಸಿಕ್ಕರೆ, ಹಿಂದೆ ಲಾರಿ ಬರುತ್ತಿದ್ದರೆ? ತೊಟ್ಟಿಲು ಭಾರ ತಡೆಯುತ್ತದೆಯೇ ಎಂದು ಕೂಸಿಗಿಂತ ಮೊದಲು ಗುಂಡುಕಲ್ಲು ಹಾಕಿ ನೋಡುವವರು ನಾವು. ಒಳಗಿನಿಂದ ಕಲ್ಲು ತಂದು ಖಾಲಿ ಚೀಲಕ್ಕೆ ತುರುಕಿದೆ.

“ಅಕ್ಕಾ, ಇದೇನ್ರಿ?”

“ಬೈದು ನೋಡ್ಕೊಳ್ಳಾಕ ನಿಮ್ಮವ್ವ ಇಲ್ಲಿಲ್ಲಲ್ಲ, ಅದಕ್ಕ ನಾನ ನೋಡ್ತೀನಿ. ಒಂದು ಸುತ್ತು ಹೊಡ್ಕೊಂಡು ಬಾ.”

ಅವಳು ಹತ್ತಿದ ಕೂಡಲೇ ಚೀಲ ಜೋತುಬಿದ್ದು ಗಾಲಿಗೆ ಉಜ್ಜಿತು. “ಇಳಿ, ಇಳಿ!” ಎಂದು ಕೂಗಿದೆ. ಅವಳು ನಗುತ್ತ ಕಲ್ಲನ್ನು ಸೀಟಿನ ಬುಡಕ್ಕೆ ಸರಿಸಿ, ಚೀಲದ ಬಾಯಿ ಸುತ್ತಿ ಬಿಗಿದಳು. ನಾನು ಪಟ್ಟಿಯನ್ನು ಇನ್ನಷ್ಟು ಗಿಡ್ಡ ಮಾಡಿದೆ. ಇನ್ನೊಂದು ಸುತ್ತು ಹೊಡೆದಾಗ ಚೀಲ ಅಲುಗಲಿಲ್ಲ. ಕಲ್ಲು ತೆಗೆದು, ಭಾರದ ಸಾಮಾನು ಒಳಗೆ, ಹಗುರದ್ದು ತುದಿಗೆ ತುಂಬಿದೆವು.

“ತಿಂಥಣಿ ಸೇತುವಿ ದಾಟಿ ಫೋಟೊ ಕಳಸು. ಅಲ್ಲೀತನಕ ನನ್ನ ಜೀವ ಇಲ್ಲೇ ಒದ್ದಾಡತಿರ್ತದ.”

ಮಧ್ಯಾಹ್ನ ಫೋಟೊ ಬಂತು. ಚೀಲ ನೆಟ್ಟಗಿತ್ತು. ಆದರೆ ಅದರ ಮೇಲೊಂದು ಕಲ್ಲಂಗಡಿ ಹಣ್ಣು ಕಟ್ಟಿದ್ದಳು!

“ಅಲ್ಲೇ ಕುಂತು ತಿಂದು ಮುಂದ ಹೋಗು ತಾಯಿ” ಎಂದು ಫೋನ್ ಮಾಡಿ ಬೈದೆ. ನಾನು ಗ್ಯಾರಂಟಿ ಕೊಟ್ಟಿದ್ದು ಚೀಲಕ್ಕೆ, ಹಣ್ಣಿನ ಬಂಡಿಗಲ್ಲ.